ಬಂಡೆಯವ್ವನಿಗೆ ನೀರು ಕೊಟ್ಟವರು

“ಅಕ್ಕೋರೆ, ಆ ಪುಸ್ತಕದಾಗ ಶಾಪ ಐತೇನು?”

ಕೇಳಿದವಳು ತೂಬಿನವ್ವ. ಅವಳ ಮಗನನ್ನು ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ. ಕೇರಿಯ ಪ್ರಾರ್ಥನೆಯ ಗುಡಿಸಲಲ್ಲಿ ಸೋರುವ ಮೂಲೆಗೊಂದು ಮಡಕೆ ಇಟ್ಟು ನಾನು ಅವತ್ತಿನ ಪಾಠ ಓದಲು ಸತ್ಯವೇದ ಬಿಡಿಸಿದ್ದೆ. ಪಾಠ ಇದ್ದದ್ದು ವೈರಿಯನ್ನು ಪ್ರೀತಿಸುವ ವಿಚಾರ. ನಾನು ಬಾಯಿ ತೆರೆಯುವ ಮೊದಲೇ ಆಕೆ ಕೈ ಎತ್ತಿ ತಡೆದಳು.

“ಇದೆ,” ಎಂದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇಲ್ಲ ಎನ್ನಬೇಕೆಂದು ಅನಿಸಲೂ ಇಲ್ಲ.

ಹೊಸ ರಾಜ್ಯವಾಗಿ ಒಂದೆರಡು ವರ್ಷವಾಗಿದ್ದ ಕಾಲ ಅದು. ನಾನು ಸೊರಬದ ಕಡೆಯ ಒಂದು ಕೇರಿಯಲ್ಲೇ ಹುಟ್ಟಿದವಳು. ಶಿಕಾರಿಪುರದ ಸಭೆಯವರು ನಮ್ಮಂಥವರ ಕೇರಿಗಳಿಗೆ ಹೋಗಿ ಸತ್ಯವೇದ ಓದಿ ಹೇಳುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡಿದ್ದರು. ಶಿರಾಳಕೊಪ್ಪದವರೆಗೆ ಬಸ್ಸು, ಅಲ್ಲಿಂದ ಬಳ್ಳಿಗಾವಿಯ ಮೇಲೆ ಹಾಯ್ದು ಗಾಡಿದಾರಿಯಲ್ಲಿ ನಡಿಗೆ. ಆ ಊರಿನ ಕೇರಿಯಲ್ಲಿ ಕೆಲವೇ ಮನೆಗಳವರು ಕ್ರೈಸ್ತರಾಗಿದ್ದರು. ಉಳಿದವರು ಆಗಿರಲಿಲ್ಲ, ಆದರೆ ಕಥೆ ಕೇಳಲು ಎಲ್ಲರೂ ಬರುತ್ತಿದ್ದರು.

ನಾನು ಓದಿಸುತ್ತಿದ್ದ ಕ್ರಮವನ್ನು ಹೇಳಬೇಕು. ಅಕ್ಷರ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಮೊದಲು ಪುಸ್ತಕದ ಕನ್ನಡದಲ್ಲೇ ಒಮ್ಮೆ ಓದುತ್ತಿದ್ದೆ. ಆಮೇಲೆ ನಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದೆ. ಮೂರನೆಯ ಸಲ ಹೇಳುವುದು ಅವರ ಸರದಿ. ಕಥೆಯಲ್ಲಿ ಬರುವ ಒಬ್ಬೊಬ್ಬರನ್ನು ಒಬ್ಬೊಬ್ಬರು ಹಿಡಿದುಕೊಂಡು ಆ ಜಾಗದಲ್ಲಿ ನಿಂತು ಮಾತಾಡಬೇಕು. ಒಬ್ಬಳು ಬಾವಿಗೆ ಬಂದವಳು, ಒಬ್ಬ ಕುಷ್ಠರೋಗಿ, ಒಬ್ಬ ಸುಂಕದವ. ರಾಜ, ಸಾಹುಕಾರ ಇಂಥವರ ಪಾಲು ಯಾವಾಗಲೂ ಹಲಗೆಯಜ್ಜನಿಗೆ. ಊರ ದೇವರಿಗೆ ಹಲಗೆ ಬಾರಿಸಿ ಬಾರಿಸಿ ಬೆರಳು ಸೊಟ್ಟಗಾಗಿದ್ದ ಮುದುಕ ಅವನು. ಕಂಬಳಿಯನ್ನು ಹೆಗಲ ಮೇಲೆ ಶಲ್ಯದಂತೆ ಇಳಿಬಿಟ್ಟು, ಇಲ್ಲದ ಮೀಸೆ ತಿರುವಿ, ಐಗುಪ್ತದ ಅರಸ ಫರೋಹನ ಮಾತನ್ನು ಅಚ್ಚ ಊರಗೌಡರ ಧಾಟಿಯಲ್ಲಿ ಆಡಿದನೆಂದರೆ ಹೆಂಗಸರು ನಕ್ಕು ನಕ್ಕು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಶಿಕಾರಿಪುರದ ಸಭೆಯ ಪಾದ್ರಿ, ನಮ್ಮ ಅಯ್ಯನವರಿಗೆ ಈ ಕ್ರಮ ಹಿಡಿಸುತ್ತಿರಲಿಲ್ಲ. ದೇವರ ವಾಕ್ಯ ದೊಡ್ಡಾಟ ಅಲ್ಲಮ್ಮಾ ಎನ್ನುತ್ತಿದ್ದರು.

ಇನ್ನು ತೂಬಿನವ್ವನ ಮಗನ ಸಂಗತಿ. ಆ ಮನೆಯವರು ತಲೆಮಾರಿನಿಂದ ಊರ ಕೆರೆಯ ತೂಬಿಗೆ ಇಳಿಯುವವರು. ಕೆರೆ ತುಂಬಿದಾಗ ತೂಬಿನ ಬಾಯಿಗೆ ಕಸ ಕಟ್ಟಿದರೆ ನೀರಿನ ಒಳಗೆ ಮುಳುಗಿ ಹೋಗಿ ಬಿಡಿಸಬೇಕು. ಬಿಟ್ಟಿ ಚಾಕರಿ. ಆ ಆಷಾಢದಲ್ಲಿ ಮಳೆ ಹಿಡಿದು ನೀರು ಏರಿಯ ಹೆಗಲಿಗೆ ಬಂದಿತ್ತು. ಮಗ ಇಳಿಯುವುದಿಲ್ಲ ಎಂದ. ನೀರಿನ ಸೆಳೆತ ಜೋರಾಗಿದೆ, ಇಳಿದವನು ಬದುಕುವುದಿಲ್ಲ ಎಂದು ಕಾರಣವನ್ನೂ ಹೇಳಿದ. ಗೌಡರು ಅವನ ಬೆನ್ನಿಗೆ ಇಬ್ಬರು ಆಳುಗಳನ್ನು ನಿಲ್ಲಿಸಿ ಏರಿಯ ಮೇಲಿಂದ ಇಳಿಸಿದರು. ಅವನು ಕಸ ಬಿಡಿಸಿದ. ಬಿಡಿಸಿದ್ದೇ ತೂಬು ಅವನನ್ನು ಎಳೆದುಕೊಂಡಿತು. ಏರಿಯ ಆಚೆ ಕಾಲುವೆಯಲ್ಲಿ ಸಿಕ್ಕಿದ.

“ಕೆರಿ ಒಂದು ತಗಂತು, ಏರಿ ಉಳೀತು,” ಎಂದರಂತೆ ಗೌಡರು. ಅಷ್ಟೇ. ಆ ಮಾತು ಕೇರಿಗೆ ಬಂದು ಮುಟ್ಟುವಾಗ ಹೆಣಕ್ಕೆ ಇನ್ನೂ ನೀರು ಹಾಕಿರಲಿಲ್ಲ.

ಕೆರೆಯ ಕೆಳಗೆ, ಗೌಡರ ಗದ್ದೆಯ ಅಂಚಿಗೆ ಕೇರಿಯವರು ಹೆಣ ಹೂಳುವ ತುಂಡು ನೆಲವಿತ್ತು. ಕಲ್ಲಿಲ್ಲ, ಗುರುತಿಲ್ಲ, ಬರೀ ದಿಬ್ಬಗಳು. ಮಗನನ್ನು ಅಲ್ಲಿಟ್ಟ ಕೆಲವೇ ದಿನಕ್ಕೆ ಗೌಡರು ತಮ್ಮ ಗದ್ದೆಯ ಬದುವನ್ನು ಒಡೆಸಿ ಆಚೆಗೆ ಹಾಕಿಸಿದರು. ಹಳೆಯ ದಿಬ್ಬಗಳ ಮೇಲೆಲ್ಲ ನೇಗಿಲು ಹೊಡೆಸಿ, ನೀರು ಕಟ್ಟಿಸಿ, ಕೆಸರು ಮಾಡಿಸಿ ಸಸಿ ನೆಡಿಸಿದರು. ಹಸಿ ದಿಬ್ಬದ ಹತ್ತಿರ ಬಂದಾಗ ಮಾತ್ರ ಹೂಡುತ್ತಿದ್ದ ಆಳು ಎತ್ತು ನಿಲ್ಲಿಸಿದ. ಗೌಡರು ಬೈದರೂ ಅವನು ಮುಂದಕ್ಕೆ ಹೊಡೆಯಲಿಲ್ಲ.

“ಸುಗ್ಗಿ ಮುಗೀಲಿ. ಅದನ್ನೂ ಮಟ್ಟ ಮಾಡಸ್ತೀನಿ,” ಎಂದು ಗೌಡರು ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. ಹಸಿರು ಪೈರಿನ ನಡುವೆ ಒಂದೇ ಒಂದು ಮಣ್ಣಿನ ದಿಬ್ಬ ಉಳಿಯಿತು.

ಅಯ್ಯನವರು ಒಮ್ಮೆ ಅಮಲ್ದಾರರ ಕಚೇರಿಗೆ ಹೋಗಿ ಬಂದರು. ಅದು ಗೌಡರ ಹೆಸರಿಗೇ ಇರುವ ಖರಾಬು ಜಮೀನು, ಸುಡುಗಾಡು ಅಂತ ಎಲ್ಲೂ ಇಲ್ಲ ಎಂದು ಅಲ್ಲಿ ಹೇಳಿದರಂತೆ. ಪ್ರಾರ್ಥನೆ ಮಾಡೋಣಮ್ಮಾ ಎಂದರು. ನಾನು ಮಾಡಿದೆ. ನನ್ನ ಪ್ರಾರ್ಥನೆ ಏನೆಂದು ಅಯ್ಯನವರು ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ನಮ್ಮಪ್ಪನ ಬೆನ್ನಿನ ಮೇಲೆ ನಮ್ಮೂರ ಗೌಡರ ಬಾರುಕೋಲಿನ ಬರೆ ಸಾಯುವವರೆಗೂ ಇತ್ತು. ಬೆನ್ನು ತಿಕ್ಕುವಾಗ ಅದರ ಮೇಲೆ ಬೆರಳಾಡಿಸಿ ಬೆಳೆದವಳು ನಾನು. ನನಗೆ ಬೇಕಾಗಿದ್ದದ್ದು ಶಾಂತಿಯಲ್ಲ, ಸೇಡು.

ಹೀಗಾಗಿ ತೂಬಿನವ್ವ ಶಾಪ ಕೇಳಿದ ದಿನ ನಾನು ಪ್ರೀತಿಯ ಪಾಠ ಮುಚ್ಚಿಟ್ಟು ಕೀರ್ತನೆಗಳ ಕಡೆ ಹಾಳೆ ತಿರುವಿದೆ. ವೈರಿಯ ಆಯುಷ್ಯದಿಂದ ಹಿಡಿದು ಅವನ ಮಕ್ಕಳ ತುತ್ತಿನವರೆಗೆ ಒಂದನ್ನೂ ಬಿಡದೆ ಶಪಿಸುವ ಒಂದು ಕೀರ್ತನೆ ಅಲ್ಲಿದೆ. ಭಾನುವಾರದ ಆರಾಧನೆಯಲ್ಲಿ ಅದನ್ನು ಯಾರೂ ಓದುವುದಿಲ್ಲ. ನಾನು ಓದಿದೆ. ಪುಸ್ತಕದ ಕನ್ನಡದಲ್ಲಿ ಒಮ್ಮೆ, ನಮ್ಮ ಮಾತಿನಲ್ಲಿ ಒಮ್ಮೆ. ಮೂರನೆಯ ಸಲಕ್ಕೆ ಬೇರೆ ಯಾರೂ ಬಾಯಿ ಹಾಕಲಿಲ್ಲ. ತೂಬಿನವ್ವ ಒಬ್ಬಳೇ ಸಾಲು ಸಾಲಾಗಿ ಹೇಳಿದಳು. ವಾರ ಕಳೆಯುವುದರೊಳಗೆ ಅವಳಿಗೆ ಬಾಯಿಪಾಠವಾಗಿತ್ತು.

ಆಮೇಲೆ ಅವಳು ಮಾಡಿದ್ದು ನಾನು ನೆನೆಸದ ಕೆಲಸ. ದಿನಾ ದನ ಬಿಡುವ ಹೊತ್ತಿಗೆ ಗೌಡರ ಹಿತ್ತಿಲ ಬೇಲಿಯ ಆಚೆ ಹೋಗಿ ನಿಲ್ಲುವುದು, ಹಿಡಿ ಮಣ್ಣು ಎತ್ತಿಕೊಳ್ಳುವುದು, ಕೀರ್ತನೆಯನ್ನು ಗಟ್ಟಿಯಾಗಿ ಹೇಳುವುದು, ಸಾಲಿಗೊಮ್ಮೆ ಮಣ್ಣು ತೂರುವುದು. ನಮ್ಮವರು ಅಜ್ಜಿಯರ ಕಾಲದಿಂದ ಶಾಪ ಹಾಕುವ ರೀತಿಯೇ ಅದು. ಪುಸ್ತಕದ ಶಾಪಕ್ಕೂ ಅದೇ ರೀತಿ ಸಲ್ಲುತ್ತದೆಂದು ಅವಳು ತಿಳಿದಿದ್ದಳು.

ಸುದ್ದಿ ಕೇಳಿ ನಾನೂ ಒಂದು ಬೆಳಿಗ್ಗೆ ಹಿಂದೆ ಹೋಗಿ ನಿಂತೆ. ಒಂದು ಕಡೆ ತಪ್ಪಿತು. ಮಕ್ಕಳು ಅನಾಥರಾಗಿ ತಿರುಗಲಿ ಎಂಬ ಭಾಗಕ್ಕೆ ಬಂದಾಗ ಅವಳು ಅದನ್ನು ಹಾರಿಸಿ ಮುಂದಿನದಕ್ಕೆ ಹೋದಳು.

ಹಿಂದಿರುಗುವಾಗ ಕೇಳಿದೆ, “ಅಲ್ಲೊಂದು ಸಾಲು ಮರ್ತೆ ಅಲ್ದನೇ ಮಾರಾಯ್ತಿ?”

“ಮರ್ತಿಲ್ಲ. ಬಿಟ್ಟೀನಿ.”

“ಯಾಕೆ?”

“ಮಗನ್ನ ಕಳಕಂಡಾಕಿ ನಾನು. ಇನ್ನೊಬ್ಬಾಕಿ ಹೊಟ್ಟೀಗೆ ಬೆಂಕಿ ಹಾಕ್ಲೇನು? ಗೌಡ್ತಿ ಏನು ಮಾಡ್ಯಾಳ? ಆ ಸಾಲು ಬರ್ದಾವ ಗಂಡಸು ಇರಬೇಕು ಬಿಡ್ರಿ.”

ಅಷ್ಟು ವರ್ಷ ಓದಿಸಿದ್ದರೂ ಆ ಕೀರ್ತನೆಯ ಒಂದು ಸಾಲನ್ನು ಕೈಬಿಡಬಹುದೆಂದು ನನಗೆ ಹೊಳೆದಿರಲಿಲ್ಲ. ನಾನಾಗಿದ್ದರೆ ಮಕ್ಕಳನ್ನೂ ಬಿಡುತ್ತಿರಲಿಲ್ಲ.

ಶಾಪ ಏನು ಮಾಡಿತೆಂದರೆ, ಗೌಡರ ಎಮ್ಮೆ ಹೆಣ್ಣು ಕರು ಹಾಕಿತು. ಬಹಳ ಕಾಲದಿಂದ ಕಾಡುತ್ತಿದ್ದ ಅವರ ಮಂಡಿನೋವು ಕಡಿಮೆಯಾಯಿತು. ಮಣ್ಣು ತೂರಿದಷ್ಟೂ ಮನುಷ್ಯ ಮಿರಮಿರ ಮಿಂಚತೊಡಗಿದ. “ಇನ್ನೊಂದೀಟು ಶಾಪ ಹಾಕಿದ್ರೆ ಗೌಡ ಎಮ್ಮೆಲ್ಲೆ ಆಕ್ಕಾನ,” ಎಂದ ಹಲಗೆಯಜ್ಜ. ಆದರೆ ಗೌಡರಿಗೆ ಸಿಟ್ಟು ಬಂತು. ಕಳೆ ಕೀಳುವ ಕೆಲಸಕ್ಕೆ ಕೇರಿಯ ಹೆಂಗಸರನ್ನು ಕರೆಯುವುದನ್ನು ನಿಲ್ಲಿಸಿ ಪಕ್ಕದೂರಿನಿಂದ ಆಳು ತರಿಸಿದರು. ಉಳಿದ ಹೊಲದವರೂ ಅವರನ್ನೇ ಅನುಸರಿಸಿದರು. ಬಡವನ ಕೋಪ ದವಡೆಗೆ ಮೂಲ ಎನ್ನುವುದು ಸುಳ್ಳಲ್ಲ. ಕೇರಿಯ ಒಲೆಗಳು ತಣ್ಣಗಾದವು. ನನ್ನ ಪಾಠಕ್ಕೆ ಬರುವವರು ಕಡಿಮೆಯಾದರು, ಬಂದವರೂ ತೂಬಿನವ್ವನ ಹತ್ತಿರ ಕೂರುತ್ತಿರಲಿಲ್ಲ. “ನಿಮ್ಮ ಪುಸ್ತಕದ ದೆಸೆಯಿಂದ ನಮ್ಮ ಮಕ್ಳು ಗೆಣಸಿನ ಸಿಪ್ಪಿ ತಿಂತಾವು ಅಕ್ಕೋರೆ,” ಎಂದು ಒಬ್ಬಳು ನನ್ನ ಮುಖಕ್ಕೇ ಹೇಳಿದಳು.

ಗೌಡರು ಶಿಕಾರಿಪುರಕ್ಕೆ ಹೋಗಿ ಅಯ್ಯನವರ ಮನೆಯ ಜಗಲಿಯ ಮೇಲೆ ಕೂತು ದೂರು ಹೇಳಿದರು. ಅಯ್ಯನವರು ಬಾಡಿಗೆ ಸೈಕಲ್ಲಿನಲ್ಲಿ ಕೆಸರು ತುಳಿದುಕೊಂಡು ಬಂದರು. ಕೆಟ್ಟವರಲ್ಲ ಅವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ.

“ಮಾಟ ಮಾಡೋದಕ್ಕೆ ಸತ್ಯವೇದ ಕೊಟ್ಟು ಕಳಿಸಿದ್ನೇನಮ್ಮಾ ನಿನ್ನ?”

“ಅದರಲ್ಲಿ ಇದ್ದಿದ್ದನ್ನೇ ಓದಿದೀನಿ ಅಯ್ಯನೋರೆ.”

“ಇದ್ದದ್ದೆಲ್ಲ ಎಲ್ಲರಿಗೂ ಓದೋಕಲ್ಲ. ಈ ಭಾನುವಾರ ಕ್ಷಮೆಯ ಪಾಠ ಓದು. ಜಗಳ ಇಷ್ಟಕ್ಕೇ ನಿಲ್ಲದಿದ್ದರೆ ನಿನ್ನನ್ನ ಕೆಲಸದಿಂದ ತೆಗೀಬೇಕಾಗ್ತದೆ. ನನ್ನ ಮೇಲೂ ಜನ ಇದಾರೆ, ತಿಳ್ಕೋ.”

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ನಮ್ಮಲ್ಲೂ ಏನೂ ಕೊರತೆಯಿಲ್ಲ. ಆದರೂ ಓದಿದೆ. ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು ಎಂದು ಶಿಷ್ಯ ಕೇಳುವ ಭಾಗ. ಎರಡು ಸಲ ಓದಿ ಮುಗಿಸಿದ ಮೇಲೆ ಯಾರು ಯಾರ ಜಾಗದಲ್ಲಿ ನಿಲ್ಲುತ್ತೀರಿ ಎಂದೆ. ಯಾರೂ ಏಳಲಿಲ್ಲ. ಕೊನೆಗೆ ತೂಬಿನವ್ವ ಕೂತಲ್ಲಿಂದಲೇ ಹೇಳಿದಳು.

“ಕ್ಷಮಾ ಬೇಕು ಅಂತ ಅವ್ನು ಕೇಳ್ಬೇಕಲ್ರಿ ಅಕ್ಕೋರೆ. ಕೇಳ್ದೆ ಇದ್ದಾವ್ನ ಮನೀಗೆ ಹೋಗಿ, ತಗಾ ತಗಾ ಅಂತ ಕೊಟ್ಟು ಬರಾದು ಬಿಟ್ಟಿ ಚಾಕ್ರಿ ಆಗಲ್ಲೇನು?”

ಗುಡಿಸಲಲ್ಲಿ ಬಹಳ ದಿನಗಳ ಮೇಲೆ ಒಬ್ಬರು ನಕ್ಕರು. ಹಲಗೆಯಜ್ಜ. ಆಮೇಲೆ ಬೇರೆಯವರೂ ನಕ್ಕರು. ಅವಳಿಂದ ದೂರ ಸರಿದು ಕೂತಿದ್ದ ಒಬ್ಬ ಹೆಂಗಸು ಹತ್ತಿರ ಸರಿದಳು.

ಆ ವಾರ ನಾನು ಪುಸ್ತಕವನ್ನು ಹುಡುಕಿದ ಹಾಗೆ ಹಿಂದೆಂದೂ ಹುಡುಕಿಲ್ಲ. ಶಾಪದ ಹಾಳೆ ಕೆಲಸ ಮಾಡಲಿಲ್ಲ, ಕ್ಷಮೆಯ ಹಾಳೆ ಹೊಟ್ಟೆಗೆ ಇಳಿಯಲಿಲ್ಲ. ಮೂರನೆಯದೊಂದು ಇರಲೇಬೇಕು. ಸಿಕ್ಕಿದ್ದು ಯಾರೂ ಬೋಧನೆಗೆ ತೆಗೆದುಕೊಳ್ಳದ ಒಂದು ಕಥೆ, ಪುಸ್ತಕದಲ್ಲಿ ಕೆಲವೇ ಸಾಲು.

ದೇಶಕ್ಕೆ ಬರ ಬಂದಿರುತ್ತದೆ. ಹಳೆಯ ಪಾಪಕ್ಕೆ ಪ್ರಾಯಶ್ಚಿತ್ತವೆಂದು ರಾಜನು ಹಿಂದಿನ ಅರಸನ ಮನೆಯ ಗಂಡಸರನ್ನು ಹಿಡಿದು ವೈರಿಗಳಿಗೆ ಒಪ್ಪಿಸುತ್ತಾನೆ. ಅವರು ಕೊಂದು ಗುಡ್ಡದ ಮೇಲೆ ಬಿಡುತ್ತಾರೆ, ಹೂಳುವುದಿಲ್ಲ. ಸತ್ತವರಲ್ಲಿ ಇಬ್ಬರು ಒಬ್ಬ ಹೆಂಗಸಿನ ಮಕ್ಕಳು. ಅವಳು ಆ ಸತ್ತ ಅರಸ ಇಟ್ಟುಕೊಂಡಿದ್ದವಳು, ಕೇಳುವವರಿಲ್ಲದವಳು. ಸುಗ್ಗಿ ಶುರುವಾದಾಗ ಗೋಣಿತಟ್ಟನ್ನು ಬಂಡೆಯ ಮೇಲೆ ಹಾಸಿ ಕೂರುತ್ತಾಳೆ. ಮಳೆ ಬೀಳುವವರೆಗೂ ಏಳುವುದಿಲ್ಲ. ಹಗಲು ಹಕ್ಕಿ ಕೂರಗೊಡುವುದಿಲ್ಲ, ಇರುಳು ಮೃಗ ಮುಟ್ಟಗೊಡುವುದಿಲ್ಲ. ಒಂದು ಮಾತೂ ಆಡುವುದಿಲ್ಲ. ಕೊನೆಗೆ ಸುದ್ದಿ ರಾಜನಿಗೆ ಮುಟ್ಟಿ ಅವನೇ ಮೂಳೆಗಳನ್ನು ತರಿಸಿ ಹೂಳಿಸುತ್ತಾನೆ.

ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ. ನಮ್ಮವರ ನಾಲಿಗೆಗೆ ಅದು ಹೊರಳಲಿಲ್ಲ, ಬಂಡೆಯವ್ವ ಎಂದು ಕರೆದರು. ಮೂರನೆಯ ಸರದಿಗೆ ಹಲಗೆಯಜ್ಜ ರಾಜನಾಗಲು ಏಳಲಿಲ್ಲ. “ಈ ರಾಜನ್ನ ನಾನು ಆಡಲ್ಲ. ಇಂವ ನಗಸಾ ರಾಜ ಅಲ್ಲ,” ಎಂದ. ಬಂಡೆಯವ್ವನ ಜಾಗಕ್ಕೆ ಯಾರನ್ನೂ ಕೇಳಬೇಕಾಗಲಿಲ್ಲ. ಎಲ್ಲರೂ ತೂಬಿನವ್ವನನ್ನೇ ನೋಡುತ್ತಿದ್ದರು. ಅವಳು ನನಗೊಂದು ಪ್ರಶ್ನೆ ಹಾಕಿದಳು.

“ಅಷ್ಟು ದಿನ ಅಕಿ ಏನು ಉಂಡ್ಳು?”

“ಬರ್ದಿಲ್ಲ.”

“ನೀರು? ಬ್ಯಾಸಿಗಿ ಬಂಡಿ ಮ್ಯಾಲೆ ನೀರಿಲ್ದ ಎಷ್ಟು ದಿನ ಕೂರಾಕಾಕ್ಕತಿ?”

“ಅದನ್ನೂ ಬರ್ದಿಲ್ಲ.”

ಗೆಣಸಿನ ಸಿಪ್ಪೆಯ ಮಾತಾಡಿದ್ದ ಹೆಂಗಸು ಆಗ ಬಾಯಿ ಬಿಟ್ಟಳು. “ಬರ್ದಿಲ್ಲ ಅಂದ್ರೆ ಇರ್ಲಿಲ್ಲ ಅಂತೇನು? ಯಾರೋ ತಂದುಕೊಟ್ಟಾರ. ನಮ್ಮಂಥೋರೇ ಕೊಟ್ಟಿರಬೇಕು. ಕೊಡಪಾನ ಹೊತ್ತೋರ ಹೆಸ್ರು ಯಾವ ಪುಸ್ತಕದಾಗ ಬರೀತಾರ?”

ಆ ವಾರ ಅದೆಷ್ಟು ಸಲ ಆ ಸಾಲುಗಳನ್ನು ಓದಿದ್ದೆ, ನೀರು ಹೊತ್ತವರು ಕಂಡಿರಲಿಲ್ಲ.

“ಹಂಗಾದ್ರೆ ನಾನು ಕೂರ್ತೀನಿ,” ಎಂದಳು ತೂಬಿನವ್ವ. “ನೀರು ತರೋರು ಯಾರು?”

ಒಬ್ಬರನ್ನೊಬ್ಬರು ನೋಡಿಕೊಂಡರು. ಕೆಲಸ ಹೋಗಿದೆ, ಇನ್ನು ಇರುವ ಗುಡಿಸಲೂ ಹೋದರೆ? ನನಗೂ ಯೋಚನೆ ಬಂತು. ಅಯ್ಯನವರ ಮಾತು ಕಿವಿಯಲ್ಲೇ ಇತ್ತು. ಈ ಕೆಲಸ ಹೋದರೆ ಹಿಂದಿರುಗಿ ಹೋಗಲು ನನಗೆ ಮನೆಯೆಂಬುದಿರಲಿಲ್ಲ. ಓದಿ ಹೇಳುವವಳ ಕೆಲಸ ಓದಿದಲ್ಲಿಗೆ ಮುಗಿಯುತ್ತದೆ ಎಂದು ಎದ್ದು ಬರಬಹುದಿತ್ತು. ಆದರೆ ಯಾರ ಜಾಗದಲ್ಲಿ ನಿಲ್ಲುತ್ತೀರಿ ಎಂದು ಕೇರಿಯವರನ್ನೆಲ್ಲ ಕೇಳಿಕೊಂಡು ತಿರುಗಿದವಳು ನಾನೇ. ಪುಸ್ತಕ ಮುಚ್ಚಿ, “ಮೊದಲನೇ ಕೊಡ ನಂದು,” ಎಂದೆ.

ಮಹಾಲಯ ಅಮಾವಾಸ್ಯೆ ಕಳೆದ ಮಾರನೆಯ ದಿನ ಅವಳು ಕಂಬಳಿ ಹಿಡಿದು ಗದ್ದೆಗೆ ಇಳಿದಳು. ತೆನೆ ಒಳಗೇ ಕಟ್ಟಿ ಪೈರು ಹೊಡೆ ತುಂಬುತ್ತಿದ್ದ ಕಾಲ. ದಿಬ್ಬದ ಸುತ್ತ ಮೊಳಕಾಲುದ್ದ ನೀರು. ನಾವು ಒಂದು ಕಟ್ಟುಪಾಡು ಮಾಡಿಕೊಂಡಿದ್ದೆವು. ಗೌಡರ ಪೈರಿನ ಒಂದು ಬುಡವೂ ಮುರಿಯಬಾರದು. ಮುರಿದರೆ ಬೆಳೆ ಹಾಳು ಮಾಡಿದರೆಂದು ಪೊಲೀಸರನ್ನು ಕರೆಸಲು ದಾರಿಯಾಗುತ್ತದೆ. ಬದುವಿನಿಂದ ದಿಬ್ಬದವರೆಗೆ ಸಾಲುಗಳ ನಡುವೆ ಹೆಂಗಸರು ಪಾದ ಉದ್ದಕ್ಕಿಟ್ಟು ನಿಂತುಕೊಂಡು ಕೊಡವನ್ನು ಕೈಯಿಂದ ಕೈಗೆ ದಾಟಿಸುವುದು. ನಾಟಿ ಮಾಡಿ ಬದುಕಿದ ಕಾಲುಗಳು ಅವು, ಎಲ್ಲಿ ಊರಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನನ್ನೇ ಎರಡು ಸಲ ಬೈದರು, “ಅಕ್ಕೋರೆ, ಕಾಲು ಅಡ್ಡ ಇಡಬ್ಯಾಡ್ರಿ” ಎಂದು.

ಗೌಡರು ಬಂದರು. ಕೂಗಾಡಿದರು. ಎಳೆದು ಹಾಕಲು ಇಬ್ಬರು ಆಳುಗಳಿಗೆ ಹೇಳಿದರು. ಏರಿಯ ಮೇಲೆ ಅವಳ ಮಗನ ಬೆನ್ನಿಗೆ ನಿಂತಿದ್ದವರೇ ಆ ಇಬ್ಬರು. ಅವರು ಬದುವಿನ ತುದಿಗೆ ಬಂದು, ಗೋರಿಯ ಮೇಲೆ ಕೂತವಳನ್ನು ನೋಡಿ, ಹೆಜ್ಜೆ ಮುಂದಿಡಲಿಲ್ಲ. ತೂಬಿನವ್ವ ಅವರ ಮುಖವನ್ನೇ ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಬಂಡೆಯವ್ವನ ಪಾಠದಲ್ಲಿ ಮಾತಿರಲಿಲ್ಲವಲ್ಲ.

“ಎಷ್ಟು ದಿನ ಕೂರ್ತಿ ಕೂರು,” ಎಂದು ಗೌಡರು ಹೋದರು.

ಅವಳು ಕೂತಳು. ಮಳೆ ಬಂದರೆ ಕಂಬಳಿ ಕೊಪ್ಪೆ, ಬಿಸಿಲಿಗೆ ಮುತ್ತುಗದ ಸೊಪ್ಪು. ಜೊತೆಗೆ ಸರದಿಯ ಮೇಲೆ ಒಬ್ಬರು ಬದುವಿನ ಮೇಲೆ ಇರುತ್ತಿದ್ದರು. ಮೇಯಲು ಬಂದ ದನವನ್ನು, ಹಂದಿಯನ್ನು ಅವಳೇ ಅಟ್ಟುತ್ತಿದ್ದಳು, ಮಗನ ದಿಬ್ಬ ತುಳಿಯುತ್ತವೆಂದು. “ಗೌಡನ ಗದ್ದೀಗೆ ಪುಕ್ಸಟ್ಟೆ ಕಾವಲು ನೋಡ್ರಿ,” ಎಂದು ಹಲಗೆಯಜ್ಜ ಗೇಲಿ ಮಾಡಿದ. ಮಹಾನವಮಿ ಅವಳು ಅಲ್ಲೇ ಕೂತಿರುವಾಗ ಕಳೆಯಿತು. ಅವಳ ಕಾಲು ಬಾತಿತು, ಜ್ವರ ಬಂತು, ಜ್ವರ ಬಿಟ್ಟಿತು. ಕೂಡಲೇ ಹೊರಟು ಬಾ ಎಂದು ಅಯ್ಯನವರು ಹೇಳಿ ಕಳಿಸಿದರು. ಮತ್ತೊಮ್ಮೆ ಹೇಳಿ ಕಳಿಸಿದರು. ನಾನು ಹೋಗಲಿಲ್ಲ.

ನಾವು ಎಣಿಸಿದ್ದದ್ದು ಸುಗ್ಗಿ ಮುಗಿದು ಗೌಡರು ದಿಬ್ಬ ಮಟ್ಟ ಮಾಡಲು ಬರುವವರೆಗೆ ಕೂರುವುದು. ಸುಗ್ಗಿಗೆ ಮೊದಲು ಭೂಮಿ ಹುಣ್ಣಿಮೆ ಬರುತ್ತದೆಂಬುದು ನನ್ನ ತಲೆಯಲ್ಲಿರಲಿಲ್ಲ. ತೂಬಿನವ್ವನ ತಲೆಯಲ್ಲಿ ಇತ್ತೋ ಏನೋ, ಅವಳು ಕೊನೆಗೂ ಹೇಳಲಿಲ್ಲ.

ನಮ್ಮ ಕಡೆ ಆ ಹುಣ್ಣಿಮೆಗೆ ಪೈರು ಬಸುರಿ. ಬಸುರಿಗೆ ಬಯಕೆ ಊಟ ಬಡಿಸಿದಂತೆ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ಹೊತ್ತು ತಂದು ಗದ್ದೆಯಲ್ಲಿ ಎಡೆ ಇಡುತ್ತಾರೆ. ಅವತ್ತು ಗದ್ದೆಗೆ ಕಬ್ಬಿಣ ಮುಟ್ಟಿಸುವುದಿಲ್ಲ, ಕೋಲು ಎತ್ತುವುದಿಲ್ಲ, ಕೆಟ್ಟ ಮಾತು ಆಡುವುದಿಲ್ಲ. ಎಡೆ ಇಡುವವಳು ಮನೆಯ ಹೆಂಗಸು.

ಬೆಳಗಾಗುತ್ತಿದ್ದಂತೆ ಗೌಡರ ಮನೆಯವರೆಲ್ಲ ಬಂದರು. ಮುಂದೆ ಗೌಡರು, ಹಿಂದೆ ಬುಟ್ಟಿ ಹೊತ್ತ ಗೌಡ್ತಿ, ಅವಳ ಹಿಂದೆ ಬೆಳೆದ ಗಂಡುಮಕ್ಕಳು. ಊರವರೂ ತಮ್ಮ ತಮ್ಮ ಗದ್ದೆಗಳಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಗೌಡ್ತಿ ಬದುವಿನ ಮೇಲೆ ನಿಂತಳು. ಎದುರಿಗೆ, ಹೊಡೆ ತುಂಬಿದ ಪೈರಿನ ನಡುವೆ, ಕಂಬಳಿಯ ಮೇಲೆ ತೂಬಿನವ್ವ.

“ಇಡು,” ಎಂದರು ಗೌಡರು.

ಗೌಡ್ತಿ ಇಡಲಿಲ್ಲ.

“ಹೊತ್ತಾತು, ಇಡು ಅಂದೆ!”

“ನಾನು ಇಡಂಗಿಲ್ಲ,” ಎಂದಳು. ಗಂಡನ ಎದುರಿಗೆ ಆಕೆ ದನಿ ಎತ್ತಿದ್ದನ್ನು ಆ ಊರು ಅವತ್ತೇ ಕೇಳಿದ್ದು. “ದಿನಾ ಹಿತ್ತಲಾಗ ನಿಂತು ಅಕಿ ಶಾಪ ಕೇಳೀನಿ. ನಿಮ್ಮನ್ನ ಬೈದ್ಲು, ನಿಮ್ಮ ಮನೀನ ಬೈದ್ಲು. ನನ್ನ ಮಕ್ಳ ಮ್ಯಾಲೆ ಒಂದು ಮಾತು ಹಾಕ್ಲಿಲ್ಲ. ಅಕಿ ಮಗನ್ನ ನುಂಗಿದ ಮಣ್ಣಿಗೆ, ಅಕಿ ಕಣ್ಣೆದುರಿಗೆ, ನಾನು ಬಯಕಿ ಊಟ ಇಡ್ಲೇನು? ನಾನೂ ಹಡದೀನಿ.”

ಬುಟ್ಟಿಯನ್ನು ಬದುವಿನ ಮೇಲೆ ಇಳಿಸಿಬಿಟ್ಟಳು.

ಗೌಡರ ಪರಿಸ್ಥಿತಿ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನದು. ಹೆಂಡತಿಯ ಮೇಲೆ ಕೈಯೆತ್ತುವಂತಿಲ್ಲ, ಆ ದಿನ ಅಂಥದ್ದು. ತೂಬಿನವ್ವನನ್ನು ಎಳೆಸುವಂತಿಲ್ಲ, ಎಡೆ ಇಡದೆ ಮನೆಗೆ ಹೋಗುವಂತಿಲ್ಲ. ಹೋದರೆ ಬಸುರಿ ಗದ್ದೆಯನ್ನು ಉಪವಾಸ ಕೆಡವಿದವನೆಂದು ಊರೆಲ್ಲ ಉಗಿಯುತ್ತದೆ. ಅವರ ಮಕ್ಕಳೇ ನೆಲ ನೋಡುತ್ತಿದ್ದರು. ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ನಮ್ಮಪ್ಪನ ಬೆನ್ನು ನೆನಪಾಯಿತು. ಇನ್ನೂ ಸ್ವಲ್ಪ ಹೊತ್ತು ಹೀಗೇ ನಿಲ್ಲಲಿ ದೇವರೇ ಎಂದು ನಿಜವಾಗಿಯೂ ಬೇಡಿಕೊಂಡೆ.

ಕೊನೆಗೆ ಗೌಡರು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. “ತಪ್ಪಾತವ್ವಾ. ಕ್ಷಮಾ ಮಾಡು. ನಿಮ್ಮ ನೆಲ ನಿಮಗೇ ಬಿಡ್ತೀನಿ. ಎದ್ದು ಬಾ,” ಎಂದರು. ಊರವರ ಎದುರಿಗೆ, ಎರಡೂ ಕೈ ಜೋಡಿಸಿ.

ಇಷ್ಟು ದಿನಗಳ ಮೇಲೆ ತೂಬಿನವ್ವ ಮೊದಲ ಸಲ ಬಾಯಿ ತೆರೆದಳು. ದನಿ ಒಡೆದುಹೋಗಿತ್ತು.

“ನೆಲ ಬಿಡ್ತೀನಿ ಅಂದಿ. ಊರು ಕೇಳೇತಿ. ಈಗ ಗದ್ದಿ ಬಸುರಿ ಐತಿ, ಪೈರು ಕೀಳು ಅನ್ನಂಗಿಲ್ಲ. ಬಲೀಲಿ. ನಮ್ಮ ಹೆಣದ ಮ್ಯಾಲೆ ಬೆಳ್ದಿದ್ದು ಎಷ್ಟೈತೋ ಅಷ್ಟಕ್ಕೂ ಆಳು ಇಳಿಸಬ್ಯಾಡ, ನೀನೇ ಕೊಯ್ಯಿ. ಬ್ಯಾರೆ ಭತ್ತದ ಜೋಡಿ ಕಲಸಬ್ಯಾಡ. ಮಾರಬ್ಯಾಡ. ದಾನ ಮಾಡಬ್ಯಾಡ. ನಮಗೆ ಕೂಲಿ ಅಂತ ಅಳೀಬ್ಯಾಡ.” ಉಸಿರು ತೆಗೆದುಕೊಂಡಳು. “ನೀನೇ ಉಣ್ಣು. ನನ್ನ ಮಗನ್ನ, ನಮ್ಮ ಹಿರೇರನ್ನ ನೀನೇ ಉಣ್ಣು. ಉಂಡಿ ಅಂತ ಗೊತ್ತಾದ ದಿನ ಕ್ಷಮಾ ಮಾಡ್ತೀನಿ.”

ಗೌಡರು ಆಗಲಿ ಎಂದು ತಲೆಯಾಡಿಸಿದರು. ನಾವು ಅವಳನ್ನು ಎತ್ತಿಕೊಂಡು ಬಂದೆವು, ಕಾಲು ಮಡಚಲು ಬರುತ್ತಿರಲಿಲ್ಲ. ನಮ್ಮ ಬೆನ್ನ ಹಿಂದೆ ಗೌಡ್ತಿ ಬುಟ್ಟಿ ಎತ್ತಿಕೊಂಡು ಎಡೆ ಇಟ್ಟಳು. ಮೊದಲ ತುತ್ತನ್ನು ಪೈರಿಗಲ್ಲ, ದಿಬ್ಬದ ಮೇಲೆ ಇಟ್ಟಳೆಂದು ಹಲಗೆಯಜ್ಜ ಆಮೇಲೆ ಹೇಳಿದ.

ಸುಗ್ಗಿಯಲ್ಲಿ ಗೌಡರು ಕುಡುಗೋಲು ಹಿಡಿದು ಇಳಿದರು. ಕೊಯ್ದು ಅಭ್ಯಾಸವಿಲ್ಲದ ಕೈ, ಬೆರಳು ಕೊಯ್ದುಕೊಂಡರು. ಕೇರಿಯವರೆಲ್ಲ ಏರಿಯ ಮೇಲೆ ಕೂತು ನೋಡಿದೆವು. ಯಾರೂ ನಗಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಬದುವನ್ನು ಹಳೆಯ ಜಾಗಕ್ಕೆ ಹಾಕಿದರು. ನಾವು ಅಂದಾಜಿನ ಮೇಲೆ ದಿಬ್ಬಗಳನ್ನು ಎತ್ತಿ, ಈ ಸಲ ಒಂದೊಂದಕ್ಕೂ ಕಲ್ಲು ನಿಲ್ಲಿಸಿದೆವು. ಕೆಲಸಕ್ಕೆ ಕರೆಯುವುದು ಮತ್ತೆ ಶುರುವಾಯಿತು. ತೂಬಿಗೆ ಮಾತ್ರ ಕೇರಿಯಿಂದ ಆಮೇಲೆ ಯಾರೂ ಇಳಿಯಲಿಲ್ಲ. ಆ ಭತ್ತವನ್ನು ಗೌಡರು ತಮ್ಮ ಪಡಸಾಲೆಯ ಮೂಲೆಯಲ್ಲಿ ಬೇರೆಯೇ ಒಂದು ಸಣ್ಣ ಕಣಜದಲ್ಲಿ ತುಂಬಿಸಿ ಸೆಗಣಿ ಮೆತ್ತಿಸಿದರು. ಮಾರುವಂತಿಲ್ಲ, ಕೊಡುವಂತಿಲ್ಲ, ಚೆಲ್ಲಿದರೆ ಅನ್ನಕ್ಕೆ ಅಪಚಾರ. ದಿನಾ ಅದನ್ನು ಸುತ್ತಿಕೊಂಡೇ ಊಟಕ್ಕೆ ಹೋಗಬೇಕು.

ಅಯ್ಯನವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಚಂದ್ರಗುತ್ತಿಯ ಕಡೆಯ ಹಳ್ಳಿಗಳಿಗೆ ಹಾಕಿದರು. ಹೊರಡುವ ಮೊದಲು ಕೇಳಿದರು, “ಕ್ಷಮೆಯ ಪಾಠ ಅವರಿಗೆ ಅರ್ಥ ಆಯಿತೇನಮ್ಮಾ?”

“ನಿಮಗಿಂತ ಚೆನ್ನಾಗಿ,” ಎಂದೆ.

ಪ್ರತಿ ಭೂಮಿ ಹುಣ್ಣಿಮೆಗೆ ನಾನು ರಜೆ ಹಾಕಿ ಆ ಕೇರಿಗೆ ಹೋಗುತ್ತಿದ್ದೆ. ಅವತ್ತು ಗೌಡ್ತಿ ಎಡೆಯ ಅಡುಗೆಯಲ್ಲಿ ಒಂದು ಪಾಲನ್ನು ತಾನೇ ತಂದು ತೂಬಿನವ್ವನ ಕೈಗೆ ಕೊಡುತ್ತಿದ್ದಳು. ತೂಬಿನವ್ವ ಎಲೆ ತೆಗೆದುಕೊಂಡು ಒಂದೇ ಮಾತು ಕೇಳುತ್ತಿದ್ದಳು.

“ಉಂಡನೇನು?”

ಗೌಡ್ತಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು.

“ಹಂಗಾದ್ರೆ ಇನ್ನೂ ಹೊತ್ತೈತಿ.”

ತೂಬಿನವ್ವ ಸತ್ತಾಗ ಮಣ್ಣು ಮಾಡುವಲ್ಲಿ ಓದಲು ನನಗೇ ಹೇಳಿ ಕಳಿಸಿದರು. ಮಗನ ಪಕ್ಕದಲ್ಲೇ ಇಟ್ಟೆವು. ನಾನು ಬಂಡೆಯವ್ವನ ಸಾಲುಗಳನ್ನು ಓದಿದೆ. ಗೌಡರು ಅಷ್ಟು ಹೊತ್ತಿಗೆ ಮುದುಕರಾಗಿದ್ದರು. ಪಡಸಾಲೆಯ ಆ ಕಣಜಕ್ಕೆ ಮೆತ್ತಿದ ಸೆಗಣಿಯನ್ನು ಇನ್ನೂ ಒಡೆದಿರಲಿಲ್ಲ. ಬದುವಿನ ಆಚೆ, ತಮ್ಮ ಗದ್ದೆಯಲ್ಲಿ, ರುಮಾಲು ತೆಗೆದು ನಿಂತಿದ್ದರು. ಯಾರಾದರೂ ಬಾ ಎಂದರೆ ಬಂದು ಒಂದು ಹಿಡಿ ಮಣ್ಣು ಹಾಕಬೇಕೆಂದು ಬಂದಿದ್ದರೆಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಕರೆಯಲಿಲ್ಲ.